ಹೀಟ್ ಟ್ರೀಟ್‌ಮೆಂಟ್‌ಗೆ ಮಾಲು ಕಳಿಸುವ ಮುಂಚೆ: ಪಾರ್ಟಿ ಏನು ಹೇಳಬೇಕು, ಶಾಪಿನವರು ಏನು ಕೇಳಬೇಕು

ಹೀಟ್ ಟ್ರೀಟ್‌ಮೆಂಟ್ ಅಂದರೆ ಸ್ಟೀಲ್ ಪಾರ್ಟನ್ನು ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಬೇಕಾದಷ್ಟು ಗಟ್ಟಿ ಮಾಡುವ ಕೆಲಸ. ಬೆಂಗಳೂರಿನ ಪೀಣ್ಯದ ಯಾವುದಾದರೂ ಹೀಟ್ ಟ್ರೀಟ್‌ಮೆಂಟ್ ಶಾಪಿನ ಗೇಟಿನಲ್ಲಿ ಬೆಳಗ್ಗೆ ಹೊತ್ತು ಸ್ವಲ್ಪ ನಿಂತು ನೋಡಿ. ಟಾಟಾ ಏಸ್ ಬರುತ್ತದೆ, ಕ್ರೇಟ್ ಇಳಿಯುತ್ತದೆ, ಡ್ರೈವರ್ ಡೆಲಿವರಿ ಚಲನ್ ಕೊಡುತ್ತಾನೆ. ಅದರಲ್ಲಿ ಬರೆದಿರುವುದು ಇಷ್ಟು: "ಶಾಫ್ಟ್, 120 ನಂಬರ್, ಹಾರ್ಡನಿಂಗ್, 58–60." ಪಕ್ಕದಲ್ಲಿ "ಅರ್ಜೆಂಟ್" ಅಂತ ಬರೆದು ಅಡಿಗೆರೆ ಎಳೆದಿರುತ್ತಾರೆ. ಯಾವ ಸ್ಟೀಲು? ಡ್ರೈವರ್‌ಗೆ ಗೊತ್ತಿಲ್ಲ. ಇಡೀ ಶಾಫ್ಟ್ ಗಟ್ಟಿಯಾಗಬೇಕೋ, ಬೇರಿಂಗ್ ಕೂರುವ ಜಾಗ ಮಾತ್ರವೋ? ಗೊತ್ತಿಲ್ಲ. ಫೋನ್ ಮಾಡಿದರೆ ಪರ್ಚೇಸ್‌ನವರು ತೆಗೆಯುತ್ತಾರೆ, "ಹೋದ ಸಲ ಮಾಡಿದ ಹಾಗೇ ಮಾಡಿ ಸರ್" ಅಂತಾರೆ. ಟೈಲರ್ ಅಂಗಡಿಯಲ್ಲಿ ಬ್ಲೌಸ್ ಪೀಸ್ ಇಟ್ಟು ಅಳತೆ ಹೇಳದೆ ಬಂದ ಹಾಗೆ.

ಆಮೇಲೆ ಶಾಫ್ಟ್ ಬೆಂಡ್ ಆಯಿತು, ಹಾರ್ಡ್‌ನೆಸ್ ಬರಲಿಲ್ಲ, ಗ್ರೈಂಡಿಂಗ್‌ನಲ್ಲಿ ಕ್ರ್ಯಾಕ್ ಬಂತು ಅಂತ ಜಗಳ. ಇಂಥ ಜಗಳಗಳನ್ನು ಎರಡೂ ಕಡೆ ಕೂತು ನೋಡಿದ್ದೇನೆ. ಕುಲುಮೆ ಕೈಕೊಟ್ಟಿದ್ದಕ್ಕಿಂತ, ಒಬ್ಬರಿಗೆ ಗೊತ್ತಿದ್ದ ವಿಷಯ ಇನ್ನೊಬ್ಬರಿಗೆ ತಲುಪದೆ ಹಾಳಾದ ಮಾಲೇ ಜಾಸ್ತಿ. ಹಾಗಾಗಿ ಏನೇನು ಹೇಳಬೇಕು, ಏನೇನು ಕೇಳಿ ಪಡೆಯಬೇಕು ಅಂತ ಕೆಲಸ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ. ಮಾಲು ಕಳಿಸುವ ಮಷೀನ್ ಶಾಪಿನವರಿಗೂ (ಅವರೇ ಇಲ್ಲಿ ‘ಪಾರ್ಟಿ’) ಇದು, ಕುಲುಮೆ ನಡೆಸುವವರಿಗೂ ಇದು.

1. ಸ್ಟೀಲ್ ಯಾವುದು ಅಂತ ಪುರಾವೆ ಸಮೇತ ಹೇಳಿ

ಟರ್ನಿಂಗ್ ಆದಮೇಲೆ ಇಎನ್ 8, ಇಎನ್ 9, ಇಎನ್ 19, ಇಎನ್ 24 ಎಲ್ಲವೂ ಕಣ್ಣಿಗೆ ಒಂದೇ. ಕುಲುಮೆಗೆ ಮಾತ್ರ ಒಂದೇ ಅಲ್ಲ. ಇಎನ್ 8ರಲ್ಲಿ ಇಂಗಾಲ ಸುಮಾರು 0.4%. ಚೆನ್ನಾಗಿ ಕ್ವೆಂಚ್ ಮಾಡಿದರೂ, ಅಂದರೆ ಕಾಯಿಸಿ ಥಟ್ಟನೆ ತಣಿಸಿದರೂ, ಅದು 55ರಿಂದ 57 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಸ್ಕೇಲಿನ ಗಟ್ಟಿತನದ ಅಳತೆ) ಹತ್ತಿರ ನಿಲ್ಲುತ್ತದೆ, ಟೆಂಪರ್ ಮಾಡಿದ ಮೇಲೆ, ಅಂದರೆ ಮತ್ತೆ ಕಡಿಮೆ ಬಿಸಿಯಲ್ಲಿ ಕಾಯಿಸಿದ ಮೇಲೆ, ಇನ್ನೂ ಇಳಿಯುತ್ತದೆ. ಅದಕ್ಕೆ "60 ಬೇಕು" ಅಂತ ಬರೆದರೆ ಯಾವ ಶಾಪಿನವನೂ ಕೊಡಲಾರ. ಕೊಟ್ಟೆ ಅಂದರೆ ರಿಪೋರ್ಟನ್ನು ಅನುಮಾನದಿಂದ ನೋಡಿ. ಇನ್ನೊಂದು ಕಡೆ ಇಎನ್ 31ರಲ್ಲಿ ಇಂಗಾಲ ಸುಮಾರು 1%. ಅದು ಆಯಿಲ್‌ನಲ್ಲಿ ಕ್ವೆಂಚ್ ಆಗಿ 60 ದಾಟುತ್ತದೆ. ಅದೇ ಇಎನ್ 31 ಅನ್ನು ಯಾರೋ ಇಎನ್ 8 ಅಂದುಕೊಂಡು ನೀರಿಗೆ ಹಾಕಿದರೆ ಸೀಳಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಒಂದು ತಪ್ಪು ಗ್ರೇಡ್ ಅಂದರೆ ಇಡೀ ಬುಟ್ಟಿ ಸ್ಕ್ರ್ಯಾಪ್.

ಆದ್ದರಿಂದ ಚಲನ್‌ನಲ್ಲಿ ಗ್ರೇಡ್ ಬರೆಯಿರಿ, ಮಿಲ್ ಟೆಸ್ಟ್ ಸರ್ಟಿಫಿಕೇಟಿನ (ಟಿಸಿ) ಕಾಪಿ ಕೊಡಿ, ಹೀಟ್ ನಂಬರ್ (ಮಿಲ್‌ನಲ್ಲಿ ಒಂದೇ ಸಲ ಕರಗಿಸಿದ ಸ್ಟೀಲಿನ ಗುರುತು) ಬರೆಯಿರಿ. ಸ್ಟೀಲ್ ಅಂಗಡಿಯಿಂದ ತುಂಡು ಲೆಕ್ಕದಲ್ಲಿ ತಂದಿದ್ದರೆ ಟಿಸಿ ಇರುವುದಿಲ್ಲ, ಗೊತ್ತು. ಹಾಗಾದರೆ ಅದೇ ಬಾರಿನಿಂದ ಒಂದು ತುಂಡು ಕತ್ತರಿಸಿ ಸ್ಪೆಕ್ಟ್ರೋ (ಸ್ಟೀಲಿನಲ್ಲಿ ಏನೇನು ಎಷ್ಟಿದೆ ಅಂತ ನೋಡುವ ಟೆಸ್ಟ್) ಮಾಡಿಸಿ. ಲ್ಯಾಬಿನ ಫೀಸು ಒಂದು ಶಾಫ್ಟಿನ ಮಷಿನಿಂಗ್ ಖರ್ಚಿನ ಮುಂದೆ ಏನೂ ಅಲ್ಲ. ಅದೂ ಆಗದಿದ್ದರೆ "ಗ್ರೇಡ್ ಖಾತ್ರಿ ಇಲ್ಲ" ಅಂತಲೇ ಬರೆಯಿರಿ. ಇದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಶಾಪಿನವರು ಒಂದು ಪೀಸ್ ಟ್ರಯಲ್ ಹಾಕಿ ನೋಡಬಹುದು.

ಒಂದೇ ಗ್ರೇಡ್ ಆದರೂ ಎರಡು ಬೇರೆ ಹೀಟ್‌ನ ಬಾರಿನಿಂದ ಪಾರ್ಟ್ ಮಾಡಿದ್ದರೆ ಬೇರೆ ಬೇರೆ ಕ್ರೇಟಿನಲ್ಲಿ ಕಳಿಸಿ. ಇಂಗಾಲ 0.36 ಇರುವುದೂ ಇಎನ್ 8, 0.44 ಇರುವುದೂ ಇಎನ್ 8. ಎರಡನ್ನೂ ಬೆರೆಸಿ ಒಂದೇ ಲಾಟ್ ಮಾಡಿದರೆ ಹಾರ್ಡ್‌ನೆಸ್ ಎರಡು ಗುಂಪಾಗಿ ಬರುತ್ತದೆ. ಆಗ "ನಿಮ್ಮ ಕುಲುಮೆಯಲ್ಲಿ ಟೆಂಪರೇಚರ್ ಸಮ ಇಲ್ಲ" ಅಂತ ದೂರುವುದು ಸುಲಭ, ಆದರೆ ಕುಲುಮೆ ಸರಿಯಾಗೇ ಇರುತ್ತದೆ.

ಬಾರ್ ಯಾವ ಸ್ಥಿತಿಯಲ್ಲಿ ಬಂತು ಅನ್ನುವುದನ್ನೂ ಹೇಳಿ. ರೋಲ್ ಆದದ್ದೋ, ಅನೀಲ್ ಆದದ್ದೋ (ಕಾಯಿಸಿ ನಿಧಾನವಾಗಿ ತಣಿಸಿ ಮೆತ್ತಗೆ ಮಾಡಿದ್ದು), ಮೊದಲೇ ಹಾರ್ಡನಿಂಗ್ ಟೆಂಪರಿಂಗ್ ಮಾಡಿದ್ದೋ. ಹೊರಗಿನ ಕಪ್ಪು ಪದರ ಎಷ್ಟು ತೆಗೆದಿದ್ದೀರಿ ಅನ್ನುವುದು ಇನ್ನೂ ಮುಖ್ಯ. ಬಿಸಿಯಲ್ಲಿ ರೋಲ್ ಮಾಡಿದ ಬಾರಿನ ಮೇಲ್ಮೈಯಲ್ಲಿ ಇಂಗಾಲ ಕಡಿಮೆಯಾಗಿರುತ್ತದೆ. ಆ ಪದರ ಉಳಿದರೆ ಒಳಗೆ ಎಷ್ಟೇ ಗಟ್ಟಿಯಾಗಲಿ, ಮೇಲೆ ಫೈಲ್ (ಅರ) ಹಿಡಿದರೆ ಉಜ್ಜಿ ಬರುತ್ತದೆ. ಮೆಟೀರಿಯಲ್ ಉಳಿಸಲು ಹತ್ತಿರದ ಸೈಜಿನ ಬಾರ್ ತಂದು ಚೂರೇ ಚೂರು ಕೆರೆದು ಬಿಟ್ಟವರಿಗೆ ಇದು ಆಗುತ್ತಲೇ ಇರುತ್ತದೆ.

2. ಪಾರ್ಟ್ ಏನು ಕೆಲಸ ಮಾಡುತ್ತದೆ ಅಂತ ಒಂದು ಸಾಲು

ಇದನ್ನು ಬಹಳ ಜನ ಹೇಳುವುದೇ ಇಲ್ಲ. "ಅದು ನಿಮಗ್ಯಾಕೆ ಸರ್" ಅನ್ನುವವರೂ ಇದ್ದಾರೆ. ಒಂದು ಉದಾಹರಣೆ ನೋಡಿ. ಡಿ2 ಟೂಲ್ ಸ್ಟೀಲಿನ ಪಂಚ್. ಡ್ರಾಯಿಂಗ್‌ನಲ್ಲಿ 60–62 ಅಂತ ಇದೆ. ಶಾಪಿನವರು ಹಾರ್ಡನಿಂಗ್ ಮಾಡಿ 200 ಡಿಗ್ರಿ ಹತ್ತಿರ ಟೆಂಪರ್ ಮಾಡಿದರು, 61 ಬಂತು, ಎಲ್ಲರೂ ಖುಷಿ. ಆಮೇಲೆ ನೀವು ಅದನ್ನು ಟೈಟಾನಿಯಮ್ ನೈಟ್ರೈಡ್ ಕೋಟಿಂಗಿಗೆ ಕಳಿಸುತ್ತೀರಿ. ಅಲ್ಲಿ ಪಾರ್ಟ್ ನಾನೂರು ಡಿಗ್ರಿ ಆಸುಪಾಸು ಕಾಯುತ್ತದೆ. ಟೆಂಪರ್ ಆಗಿದ್ದಕ್ಕಿಂತ ಜಾಸ್ತಿ ಬಿಸಿ ತಾಗಿದ ಮೇಲೆ ಹಾರ್ಡ್‌ನೆಸ್ ಇಳಿಯದೆ ಇರುತ್ತದಾ? ಅಳತೆಯೂ ಬದಲಾಗುತ್ತದೆ. ಕೋಟಿಂಗ್ ಇದೆ ಅಂತ ಮೊದಲೇ ಹೇಳಿದ್ದರೆ ಡಿ2ವನ್ನು 500 ಡಿಗ್ರಿ ಮೇಲೆ ಎರಡು ಮೂರು ಸಲ ಟೆಂಪರ್ ಮಾಡುವ ದಾರಿ ಇತ್ತು. ಹಾರ್ಡ್‌ನೆಸ್ ಒಂದೆರಡು ಪಾಯಿಂಟ್ ಕಡಿಮೆ ಇರಬಹುದು, ಆದರೆ ಕೋಟಿಂಗ್‌ನಲ್ಲಿ ಹಾಗೇ ನಿಲ್ಲುತ್ತದೆ. ವೈರ್ ಕಟ್ (ವಿದ್ಯುತ್ ಹರಿಯುವ ತಂತಿಯಿಂದ ಕತ್ತರಿಸುವುದು) ಮಾಡುವ ಡೈಗೂ ಇದೇ ಮಾತು. ಕಡಿಮೆ ಬಿಸಿಯಲ್ಲಿ ಟೆಂಪರ್ ಆದ ದಪ್ಪ ಬ್ಲಾಕಿನಲ್ಲಿ ಒತ್ತಡ ಒಳಗೇ ಉಳಿದಿರುತ್ತದೆ, ವೈರ್ ಅರ್ಧ ದಾರಿಗೆ ಹೋದಾಗ ಬ್ಲಾಕ್ ಟಪ್ ಅಂತ ಸೀಳುತ್ತದೆ. ಆ ಶಬ್ದ ಕೇಳಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾಗಿ ಒಂದು ಸಾಲು ಸಾಕು. "2 ಮಿ.ಮೀ. ಶೀಟ್ ಕತ್ತರಿಸುವ ಪಂಚ್, ಆಮೇಲೆ ಕೋಟಿಂಗ್ ಇದೆ." "ಗೇರ್ ಶಾಫ್ಟ್, ಏಟು ಬೀಳುತ್ತದೆ, ಮುರಿಯಬಾರದು." "ಬುಷ್, ಸವೆಯಬಾರದು ಅಷ್ಟೇ, ಲೋಡ್ ಇಲ್ಲ." ಮುರಿಯಬಾರದು ಅನ್ನುವ ಪಾರ್ಟಿಗೂ ಸವೆಯಬಾರದು ಅನ್ನುವ ಪಾರ್ಟಿಗೂ ಒಂದೇ ಹಾರ್ಡ್‌ನೆಸ್ ರೇಂಜಿನೊಳಗೇ ಕೆಳಗಿನ ತುದಿ, ಮೇಲಿನ ತುದಿ ಅಂತ ಹೊಂದಿಸಿ ಕೊಡಬಹುದು. ಆದರೆ ಕೆಲಸ ಏನು ಅಂತ ಗೊತ್ತಿದ್ದವನು ಮಾತ್ರ ಹಾಗೆ ಮಾಡಬಲ್ಲ.

3. ಡ್ರಾಯಿಂಗ್‌ನ ಆ ಒಂದು ಸಾಲನ್ನು ಪೂರ್ತಿ ಮಾಡಿ

ಎಲ್ಲಕ್ಕಿಂತ ಹೆಚ್ಚು ದುಡ್ಡು ಹೋಗುವುದು ಇಲ್ಲೇ.

ಮೊದಲನೆಯದು, ರೇಂಜ್. "58–60 ಎಚ್‌ಆರ್‌ಸಿ" ಅಂದರೆ ಎರಡೇ ಪಾಯಿಂಟ್. ಒಳ್ಳೆಯ ರಾಕ್‌ವೆಲ್ ಮಷೀನ್‌ಗಳೂ ಒಂದಕ್ಕೊಂದು ಒಂದು ಪಾಯಿಂಟ್ ಹೆಚ್ಚು ಕಡಿಮೆ ತೋರಿಸುತ್ತವೆ. ಅಂದರೆ ನೀವು ಕೊಟ್ಟ ರೇಂಜನ್ನು ಅಳೆಯುವ ಮಷೀನ್‌ಗಳೇ ತಿಂದುಹಾಕಿದವು, ಕುಲುಮೆಗೆ ಏನೂ ಉಳಿಯಲಿಲ್ಲ. ನಿಜವಾಗಿ ಬೇಕಾಗಿಲ್ಲದಿದ್ದರೆ 58–62 ಅಂತ ನಾಲ್ಕು ಪಾಯಿಂಟ್ ಬಿಡಿ. ಬೇಕೇ ಬೇಕು ಅಂದರೆ ಯಾಕೆ ಅಂತ ಹೇಳಿ, ಅದಕ್ಕೆ ತಕ್ಕ ರೇಟೂ ಕೊಡಿ. "58 ಎಚ್‌ಆರ್‌ಸಿ" ಅಂತ ಒಂದೇ ನಂಬರ್ ಬರೆಯುವ ಡ್ರಾಯಿಂಗ್‌ಗಳೂ ಇವೆ. ಅದು ಕನಿಷ್ಠವೋ, ಗರಿಷ್ಠವೋ, ನಡುವಿನದ್ದೋ ದೇವರಿಗೇ ಗೊತ್ತು.

ಎರಡನೆಯದು, ಎಲ್ಲಿ ಅಳೆಯಬೇಕು. ಸ್ಕೆಚ್ ಮೇಲೆ ಬಾಣ ಹಾಕಿ. ಗೇರ್ ಆದರೆ ಹಲ್ಲಿನ ಪಕ್ಕದ ಮುಖದಲ್ಲೋ, ಹಬ್ ಮೇಲೋ? ಹಬ್ ದಪ್ಪ, ಅಲ್ಲಿ ನಿಧಾನವಾಗಿ ತಣಿಯುತ್ತದೆ, ಹಾರ್ಡ್‌ನೆಸ್ ಕಡಿಮೆ ಬರಬಹುದು. ಶಾಪಿನವರು ಹಲ್ಲಿನ ಮೇಲೆ ಅಳೆದು 60 ಅಂತ ಬರೆಯುತ್ತಾರೆ, ನೀವು ಹಬ್ ಮೇಲೆ ಅಳೆದು 54 ಅಂತೀರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೈಮೇಲೆ ಅಳೆದ ಗುರುತು ಬೀಳಬಾರದ ಜಾಗ ಇದ್ದರೆ ಅದನ್ನೂ ತೋರಿಸಿ. ಸೀಲ್ ಕೂರುವ ಜಾಗದಲ್ಲಿ ಅಳೆಯುವ ಮಷೀನಿನ ಡೈಮಂಡ್ ತುದಿಯ ಗುಂಡಿ ಬಿದ್ದರೆ ಆ ಪಾರ್ಟ್ ಮುಗಿಯಿತು.

ಮೂರನೆಯದು, ಯಾವ ಸ್ಕೇಲಿನಲ್ಲಿ. 60 ಎಚ್‌ಆರ್‌ಸಿ ಪಾರ್ಟಿನ ಮೇಲೆ ರಾಕ್‌ವೆಲ್ ಸಿ ಅಳೆದರೆ ಡೈಮಂಡ್ ಸುಮಾರು 0.08 ಮಿ.ಮೀ. ಇಳಿಯುತ್ತದೆ. ಗಟ್ಟಿ ಪದರ ಕನಿಷ್ಠ ಅದರ ಹತ್ತು ಪಟ್ಟು, ಅಂದರೆ 0.8 ಮಿ.ಮೀ. ಇದ್ದರೆ ಮಾತ್ರ ಆ ರೀಡಿಂಗ್ ನಂಬಬಹುದು. ನಿಮ್ಮ ಕೇಸ್ ಡೆಪ್ತ್ (ಮೇಲಿನ ಗಟ್ಟಿ ಪದರದ ಆಳ) 0.3 ಇದ್ದರೆ ಕೆಳಗಿನ ಮೆತ್ತಗಿನ ಕೋರ್ ಕೂಡ ಅದುಮಿಕೊಂಡು ರೀಡಿಂಗ್ ಕಡಿಮೆ ಬರುತ್ತದೆ, "ಹಾರ್ಡ್‌ನೆಸ್ ಇಲ್ಲ" ಅಂತ ಒಳ್ಳೆಯ ಮಾಲು ವಾಪಸ್ ಹೋಗುತ್ತದೆ. ತೆಳು ಕೇಸಿಗೆ ವಿಕರ್ಸ್ ಅಥವಾ ಕಡಿಮೆ ಲೋಡಿನ ಸೂಪರ್‌ಫಿಷಿಯಲ್ ರಾಕ್‌ವೆಲ್ ಅಂತ ಡ್ರಾಯಿಂಗ್‌ನಲ್ಲೇ ಬರೆಯಿರಿ.

ನಾಲ್ಕನೆಯದು ಕೇಸ್ ಡೆಪ್ತ್, ಅರ್ಧ ಜಗಳಗಳ ತವರು. "ಕೇಸ್ ಡೆಪ್ತ್ 0.8" ಅಂದರೆ ಒಟ್ಟು ಆಳವೋ, ಎಫೆಕ್ಟಿವ್ ಆಳವೋ? ಎಫೆಕ್ಟಿವ್ ಅಂದರೆ ಸಾಮಾನ್ಯವಾಗಿ ಮೇಲಿನಿಂದ ಹಾರ್ಡ್‌ನೆಸ್ ವಿಕರ್ಸ್ ಸ್ಕೇಲಿನಲ್ಲಿ 550ಕ್ಕೆ (550 ಎಚ್‌ವಿ) ಇಳಿಯುವವರೆಗಿನ ದೂರ. ಒಟ್ಟು ಆಳ ಅದಕ್ಕಿಂತ ಜಾಸ್ತಿ. ಒಬ್ಬರು ಒಟ್ಟು ಲೆಕ್ಕದಲ್ಲಿ 0.8 ಕೊಟ್ಟು ಇನ್ನೊಬ್ಬರು ಎಫೆಕ್ಟಿವ್ ಲೆಕ್ಕದಲ್ಲಿ ಅಳೆದರೆ ಕಡಿಮೆ ಬಂದೇ ಬರುತ್ತದೆ. ಆಮೇಲೆ ಈ 0.8 ಗ್ರೈಂಡಿಂಗ್ ಮುಂಚೆಯೋ, ಗ್ರೈಂಡಿಂಗ್ ಆದಮೇಲೆಯೋ? ಒಂದು ಪಕ್ಕಕ್ಕೆ 0.2 ಗ್ರೈಂಡ್ ಮಾಡುತ್ತೀರಿ ಅಂದರೆ ಕುಲುಮೆಯಿಂದ 1.0 ಬರಬೇಕು. ಇದನ್ನು ಹೇಳದೆ ಬಿಟ್ಟರೆ ಅಸೆಂಬ್ಲಿಗೆ ಹೋಗುವ ಪಾರ್ಟಿನಲ್ಲಿ 0.6 ಮಾತ್ರ ಉಳಿದಿರುತ್ತದೆ.

ಹಾಗಂತ "ಸೇಫ್ಟಿಗೆ ಇರಲಿ" ಅಂತ ಸುಮ್ನೆ ಡೆಪ್ತ್ ಏರಿಸಬೇಡಿ. ಕಾರ್ಬುರೈಸಿಂಗ್‌ನಲ್ಲಿ (ಬಿಸಿಯಲ್ಲಿ ಮೇಲ್ಮೈಗೆ ಇಂಗಾಲ ಸೇರಿಸುವ ಕೆಲಸ) ಆಳ ಸಮಯದ ವರ್ಗಮೂಲದಂತೆ ಬೆಳೆಯುತ್ತದೆ. 925 ಡಿಗ್ರಿಯಲ್ಲಿ ಮೊದಲ ಗಂಟೆಗೆ ಒಟ್ಟು ಆಳ ಸುಮಾರು 0.6 ಮಿ.ಮೀ., 4 ಗಂಟೆಗೆ 1.2, 1.8 ಬೇಕು ಅಂದರೆ 9 ಗಂಟೆ. ಆಳ ಒಂದೂವರೆ ಪಟ್ಟು ಮಾಡಿದರೆ ಕುಲುಮೆಯ ಸಮಯ ಎರಡು ಪಟ್ಟಿಗೂ ಮೀರುತ್ತದೆ. ಕರೆಂಟು, ಗ್ಯಾಸು, ಬೆಂಡು ಎಲ್ಲವೂ ಜೊತೆಗೆ ಏರುತ್ತದೆ. ಗೇರಿನ ತೆಳ್ಳಗಿನ ಹಲ್ಲು ಎರಡೂ ಕಡೆಯಿಂದ ಇಂಗಾಲ ಕುಡಿದು ನಡುವಿನವರೆಗೂ ಗಟ್ಟಿಯಾದರೆ ಏಟಿಗೆ ಮುರಿಯುವುದೇ ಹಲ್ಲು.

ಕೋರ್ ಹಾರ್ಡ್‌ನೆಸ್ ಬೇಕಿದ್ದರೆ ಅದನ್ನೂ ರೇಂಜ್ ಸಮೇತ ಬರೆಯಿರಿ. ಮೆತ್ತಗೆ ಉಳಿಯಬೇಕಾದ ಜಾಗ ಎಲ್ಲಿದೆ ಅಂತ ತೋರಿಸಿ. ಥ್ರೆಡ್ ಮೇಲೆ ಕೇಸ್ ಬಂದರೆ ನಟ್ ಬಿಗಿಯುವಾಗ ಥ್ರೆಡ್ ಚೂರಾಗುತ್ತದೆ. ಇಂಗಾಲ ಒಳಗೆ ಹೋಗದಂತೆ ತಡೆಯುವ ಆಂಟಿ ಕಾರ್ಬ್ ಪೇಂಟ್ ಯಾರು ಹಚ್ಚಬೇಕು, ನೀವೋ ಅವರೋ, ಅದು ಚಲನ್‌ನಲ್ಲೇ ಇರಲಿ.

4. ಮುಂಚೆ ಏನಾಗಿದೆ, ಆಮೇಲೆ ಏನಾಗಲಿದೆ

ಹೀಟ್ ಟ್ರೀಟ್‌ಮೆಂಟ್ ನಡುವಿನ ಒಂದು ಹೆಜ್ಜೆ, ಆದರೆ ಹಿಂದಿನ ಹೆಜ್ಜೆಯ ಪಾಪವೆಲ್ಲ ಅಲ್ಲೇ ಹೊರಬೀಳುತ್ತದೆ. ಉದ್ದ ಶಾಫ್ಟಿನಲ್ಲಿ ದಪ್ಪ ಕಟ್ ಹೊಡೆದು, ಒಂದೇ ಪಕ್ಕದಲ್ಲಿ ಕೀವೇ ಮಿಲ್ ಮಾಡಿ ಕಳಿಸಿದರೆ ಬಿಸಿ ತಾಗಿದ ಕೂಡಲೇ ಒಳಗಿನ ಒತ್ತಡ ಬಿಡುಗಡೆಯಾಗಿ ಬಾಗುತ್ತದೆ, ಇದಕ್ಕೆ ಕ್ವೆಂಚಿಂಗೇ ಬೇಕಾಗಿಲ್ಲ. ರಫ್ ಮಷಿನಿಂಗ್ ಆದಮೇಲೆ 550ರಿಂದ 650 ಡಿಗ್ರಿಯಲ್ಲಿ ಒಂದು ಸ್ಟ್ರೆಸ್ ರಿಲೀವಿಂಗ್ ಮಾಡಿಸಿ, ಆಮೇಲೆ ಫಿನಿಶ್ ಅಳತೆಗೆ ತನ್ನಿ. ಮೊದಲೇ ಟೆಂಪರ್ ಆಗಿರುವ ಬಾರಾದರೆ ಆ ಟೆಂಪರಿಂಗ್ ಟೆಂಪರೇಚರ್‌ಗಿಂತ ಕೆಳಗೇ ಮಾಡಬೇಕು, ಇಲ್ಲದಿದ್ದರೆ ಹಾರ್ಡ್‌ನೆಸ್ ಹೋಗುತ್ತದೆ. ಅದಕ್ಕೇ ಬಾರಿನ ಸ್ಥಿತಿ ಹೇಳಿ ಅಂದಿದ್ದು.

ಬಾಗುವುದು ಎಷ್ಟಾದರೆ ನಡೆಯುತ್ತದೆ ಅನ್ನುವುದನ್ನು ಅಂಕಿಯಲ್ಲಿ ಹೇಳಿ. "ಬೆಂಡ್ ಬರಬಾರದು" ಅನ್ನುವುದು ಸ್ಪೆಕ್ ಅಲ್ಲ. "ರನ್‌ಔಟ್ 0.15ರೊಳಗೆ, ಗ್ರೈಂಡಿಂಗ್‌ಗೆ ವ್ಯಾಸದಲ್ಲಿ 0.4 ಬಿಟ್ಟಿದ್ದೇವೆ, ಕಳಿಸುವಾಗ ರನ್‌ಔಟ್ 0.03 ಇತ್ತು" ಅಂದರೆ ಅದು ಮಾತು (ರನ್‌ಔಟ್ ಅಂದರೆ ಶಾಫ್ಟ್ ತಿರುಗಿಸಿದಾಗ ಎಷ್ಟು ಓಲಾಡುತ್ತದೆ ಅನ್ನುವ ಅಳತೆ). ಆಗ ಶಾಪಿನವರು ನೇತುಹಾಕಬೇಕೋ, ಫಿಕ್ಸ್ಚರ್ ಬೇಕೋ, ಪ್ರೆಸ್‌ನಲ್ಲಿ ಸ್ಟ್ರೈಟನ್ ಮಾಡಬಹುದೋ ಅಂತ ನಿರ್ಧರಿಸುತ್ತಾರೆ. ಸ್ಟ್ರೈಟನಿಂಗ್ ಮಾಡಬಾರದು ಅಂತಿದ್ದರೆ ಅದನ್ನೂ ಬರೆಯಿರಿ. ಉದ್ದ ಶಾಫ್ಟ್ ನೇತುಹಾಕಲು ತುದಿಯಲ್ಲಿ ಒಂದು ಥ್ರೆಡ್ ತೂತು ಕೊಡಲಾಗುತ್ತದಾ ಅಂತ ಡಿಸೈನ್ ಮಾಡುವವರನ್ನು ಒಮ್ಮೆ ಕೇಳಿ. ಬಹಳ ಸಲ "ಓ, ಅದಕ್ಕೇನು, ಕೊಡೋಣ" ಅಂತಾರೆ, ಇಷ್ಟು ದಿನ ಯಾರೂ ಕೇಳಿರುವುದಿಲ್ಲ ಅಷ್ಟೇ.

ಇನ್ನು ಆಮೇಲಿನದು. ಜಿಂಕ್ ಪ್ಲೇಟಿಂಗ್ ಇದೆಯಾ? ಗಟ್ಟಿಯಾದ ಸ್ಟೀಲು ಪ್ಲೇಟಿಂಗ್ ತೊಟ್ಟಿಯಲ್ಲಿ, ಆಸಿಡ್‌ನಲ್ಲಿ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಆಮೇಲೆ ಬಿಗಿದು ಇಟ್ಟ ಬೋಲ್ಟ್ ಒಂದೆರಡು ದಿನ ಬಿಟ್ಟು ತಾನೇ ತಾನಾಗಿ ಮುರಿಯುತ್ತದೆ. ಅದಕ್ಕೆ ಪ್ಲೇಟಿಂಗ್ ಆದ 4 ಗಂಟೆಯೊಳಗೆ 190ರಿಂದ 220 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಕ್ ಮಾಡುತ್ತಾರೆ. ಪ್ಲೇಟಿಂಗ್‌ನವರಿಗೆ ಪಾರ್ಟಿನ ಹಾರ್ಡ್‌ನೆಸ್ ಎಷ್ಟು ಅಂತ ಹೇಳದಿದ್ದರೆ ಅವರು ಬೇಕ್ ಮಾಡುವುದಿಲ್ಲ. ಕೇಸ್ ಹಾರ್ಡನಿಂಗ್ ಆದ ಪಾರ್ಟ್ 160 ಡಿಗ್ರಿಯಲ್ಲಿ ಟೆಂಪರ್ ಆಗಿದೆ ಅಂತ ಹೇಳದಿದ್ದರೆ 200ರಲ್ಲಿ ಬೇಕ್ ಮಾಡಿ ಒಂದೆರಡು ಪಾಯಿಂಟ್ ಇಳಿಸಿಬಿಡುತ್ತಾರೆ. ಮೂರು ಶಾಪಿನ ನಡುವೆ ಓಡಾಡುವ ಈ ಒಂದು ಮಾಹಿತಿಗೆ ಒಡೆಯ ನೀವೇ, ಯಾಕಂದರೆ ಪ್ಲೇಟಿಂಗ್‌ನವರೂ ಹೀಟ್ ಟ್ರೀಟ್‌ಮೆಂಟ್‌ನವರೂ ಒಬ್ಬರಿಗೊಬ್ಬರು ಮಾತೇ ಆಡುವುದಿಲ್ಲ.

ನೈಟ್ರೈಡಿಂಗ್‌ಗೂ (ಮೇಲ್ಮೈಗೆ ಸಾರಜನಕ ಸೇರಿಸಿ ಗಟ್ಟಿ ಮಾಡುವುದು) ಇದೇ ಲೆಕ್ಕ. ಅದು ನಡೆಯುವುದು 500ರಿಂದ 550 ಡಿಗ್ರಿಯಲ್ಲಿ. ಮುಂಚಿನ ಟೆಂಪರಿಂಗ್ ಅದಕ್ಕಿಂತ ಕನಿಷ್ಠ 25–30 ಡಿಗ್ರಿ ಮೇಲಿರಬೇಕು, ಇಲ್ಲದಿದ್ದರೆ ಕೋರ್ ಮೆತ್ತಗಾಗುತ್ತದೆ, ಅಳತೆಯೂ ಓಡುತ್ತದೆ. ಹಾರ್ಡನಿಂಗ್ ಒಂದು ಕಡೆ, ನೈಟ್ರೈಡಿಂಗ್ ಇನ್ನೊಂದು ಕಡೆ ಮಾಡಿಸುವವರು ಮೊದಲ ಶಾಪಿನಿಂದ ಟೆಂಪರಿಂಗ್ ಟೆಂಪರೇಚರ್ ಬರೆಸಿಕೊಂಡೇ ಮಾಲು ಎತ್ತಿ.

5. ಕ್ರೇಟಿನಲ್ಲಿ ಸುರಿದು ಕಳಿಸಬೇಡಿ

ಬೇಗ ಹೇಳಿಬಿಡುತ್ತೇನೆ. ಕೂಲೆಂಟ್, ಚಿಪ್ಸ್, ತುಕ್ಕು ತಡೆಯುವ ಗ್ರೀಸ್ ಎಲ್ಲ ತೊಳೆದು ಕಳಿಸಿ, ಇಲ್ಲವೇ ತೊಳೆಯುವ ಖರ್ಚು ಸೇರಿಸಿ ಅಂತ ಹೇಳಿ. ಕುರುಡು ತೂತಿನಲ್ಲಿ ಉಳಿದ ಎಣ್ಣೆ, ನೀರು ಸಾಲ್ಟ್ ಬಾತ್‌ಗೆ ಬಿದ್ದರೆ ಕರಗಿದ ಉಪ್ಪು ಮೈಮೇಲೆ ಸಿಡಿಯುತ್ತದೆ, ಅದು ಕ್ವಾಲಿಟಿ ಮಾತಲ್ಲ, ಆಪರೇಟರ್‌ನ ಕಣ್ಣಿನ ಮಾತು. ಎಣಿಸಿ ಕಳಿಸಿ. ಫಿನಿಶ್ ಆದ ಮುಖಗಳ ನಡುವೆ ಏನಾದರೂ ಇಡಿ, ಪೆಟ್ಟಾದ ಗುರುತು ಹೋಗುವಾಗ ಇತ್ತೋ ಬರುವಾಗ ಬಂತೋ ಅಂತ ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ. ಲೋಡ್ ಮಾಡುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ.

6. ಶಾಪಿನವರ ಸರದಿ: ಕೇಳಿ, ಬರೆದುಕೊಳ್ಳಿ, ಬೇಡ ಅನ್ನುವುದನ್ನೂ ಕಲಿಯಿರಿ

ಇಲ್ಲಿಯವರೆಗೆ ಪಾರ್ಟಿಗೆ ಹೇಳಿದೆ. ಕುಲುಮೆ ನಡೆಸುವವರೂ ಸಾಚಾ ಏನಲ್ಲ. ಗ್ರೇಡ್ ಇಲ್ಲದ ಚಲನ್ ಬಂದರೆ ಕಿಡಿ ನೋಡಿ ಅಂದಾಜು ಮಾಡಿ ಹಾಕಿಬಿಡುವುದು, ಕೇಳಿದರೆ ಪಾರ್ಟಿ ಬೇರೆ ಶಾಪಿಗೆ ಹೋಗಿಬಿಡುತ್ತಾನೆ ಅನ್ನುವ ಹೆದರಿಕೆ, ಎಲ್ಲ ಇದೆ. ಹೆದರಿಕೆ ಅರ್ಥವಾಗುತ್ತದೆ. ಕಿಲೋ ಲೆಕ್ಕದಲ್ಲಿ ರೇಟು ಕಟ್ಟುವ ವ್ಯವಹಾರದಲ್ಲಿ ಅರ್ಧ ಗಂಟೆ ಫೋನಿನಲ್ಲಿ ಮಾತಾಡುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆದರೂ ಗೇಟಿನಲ್ಲಿ ಒಂದು ಪುಟದ ಫಾರಂ ಇಡಿ: ಗ್ರೇಡ್ ಮತ್ತು ಹೀಟ್ ನಂಬರ್, ಬಾರಿನ ಸ್ಥಿತಿ, ಹಾರ್ಡ್‌ನೆಸ್ ರೇಂಜ್ ಮತ್ತು ಸ್ಕೇಲ್, ಅಳೆಯುವ ಜಾಗ, ಕೇಸ್ ಡೆಪ್ತ್ ಯಾವ ಲೆಕ್ಕ, ಗ್ರೈಂಡಿಂಗ್ ಎಷ್ಟು, ರನ್‌ಔಟ್ ಎಷ್ಟು, ಆಮೇಲೆ ಪ್ಲೇಟಿಂಗ್, ಕೋಟಿಂಗ್, ವೈರ್ ಕಟ್ ಇದೆಯಾ, ಸ್ಟ್ರೈಟನಿಂಗ್ ಮಾಡಬಹುದಾ, ಸಂಶಯ ಬಂದರೆ ಯಾರಿಗೆ ಫೋನ್ ಮಾಡಬೇಕು. ಕೊನೆಯದು ಪರ್ಚೇಸ್‌ನವರ ನಂಬರ್ ಆಗಿರಬಾರದು. ಡ್ರಾಯಿಂಗ್ ಓದಬಲ್ಲವರದ್ದಾಗಿರಬೇಕು. ಕನ್ನಡದಲ್ಲೂ ಪ್ರಿಂಟ್ ಮಾಡಿಸಿ, ತುಂಬುವವನು ಬಹಳ ಸಲ ಸ್ಟೋರ್ಸ್ ಹುಡುಗ.

ಆಗದ್ದನ್ನು ಆಗುವುದಿಲ್ಲ ಅನ್ನಿ. ಇಎನ್ 8ರ 80 ಮಿ.ಮೀ. ದಪ್ಪದ ಶಾಫ್ಟ್ ನಡುವಿನವರೆಗೂ ಗಟ್ಟಿಯಾಗಬೇಕು ಅಂದರೆ ಆಗುವುದಿಲ್ಲ, ಆ ಸ್ಟೀಲಿಗೆ ಆ ಶಕ್ತಿ ಇಲ್ಲ, ಇಎನ್ 24 ತನ್ನಿ ಅಥವಾ ಮೇಲ್ಮೈಗೆ ಇಂಡಕ್ಷನ್ (ವಿದ್ಯುತ್ ಕಾಯಿಲ್‌ನಿಂದ ಮೇಲ್ಮೈ ಮಾತ್ರ ಕಾಯಿಸಿ ಗಟ್ಟಿ ಮಾಡುವುದು) ಮಾಡಿಸಿ ಅಂತ ಮೊದಲೇ ಹೇಳಿ. ಇದನ್ನು ಹೇಳುವ ಶಾಪಿನವನನ್ನು ಪಾರ್ಟಿ ಬಿಡುವುದಿಲ್ಲ. ಬಿಟ್ಟರೂ ವಾಪಸ್ ಬರುತ್ತಾನೆ.

ಮಾಲಿನ ಜೊತೆ ವಾಪಸ್ ಹೋಗುವ ಕಾಗದದಲ್ಲಿ "58–60 ಓಕೆ" ಅಂತ ಮಾತ್ರ ಬರೆಯಬೇಡಿ. ಎಷ್ಟು ಪೀಸ್ ಅಳೆದಿರಿ, ಬುಟ್ಟಿಯ ಮೇಲೆ, ನಡುವೆ, ಕೆಳಗೆ ಯಾವುದರಿಂದ ತೆಗೆದದ್ದು, ಒಂದೊಂದರ ರೀಡಿಂಗ್ ಏನು ಅಂತ ಬರೆಯಿರಿ. ಬ್ಯಾಚ್ ನಂಬರ್, ಯಾವ ಕುಲುಮೆ, ಹಾರ್ಡನಿಂಗ್ ಮತ್ತು ಟೆಂಪರಿಂಗ್ ಟೆಂಪರೇಚರ್, ಸಮಯ ಇರಲಿ. ಕ್ವೆಂಚ್ ಆದ ಕೂಡಲೇ ಬಂದ ಹಾರ್ಡ್‌ನೆಸ್ ಕೂಡ ಬರೆಯಿರಿ. ಅದನ್ನು ಯಾರೂ ಕೇಳುವುದಿಲ್ಲ, ಆದರೆ ಆಮೇಲೆ ತೊಂದರೆ ಬಂದರೆ ಅದೇ ದೊಡ್ಡ ಸಾಕ್ಷಿ. ಕ್ವೆಂಚಿಂಗ್‌ನಲ್ಲೇ 52 ಬಂದಿದ್ದರೆ ತೊಂದರೆ ಸ್ಟೀಲಿನದ್ದೋ ಕ್ವೆಂಚಿಂಗ್‌ನದ್ದೋ, 62 ಬಂದು ಕೊನೆಗೆ 54 ಆಗಿದ್ದರೆ ಟೆಂಪರಿಂಗ್ ಜಾಸ್ತಿಯಾಗಿದೆ.

ರೆಸಿಪಿ ನಮ್ಮ ಗುಟ್ಟು, ಚಾರ್ಟ್ ಕೊಡಲ್ಲ ಅನ್ನುವವರಿದ್ದಾರೆ. ಗ್ಯಾಸ್ ಪ್ರಮಾಣ, ಲೋಡಿಂಗ್ ಮಾಡುವ ಉಪಾಯ ಗುಟ್ಟಾಗಿರಲಿ. ಟೆಂಪರೇಚರ್ ಚಾರ್ಟ್ ಗುಟ್ಟಲ್ಲ. ವಾಹನ ಕಂಪನಿಗಳ ಸರಪಳಿಯಲ್ಲಿ ಕೆಲಸ ಮಾಡುವವರು ಸಿಕ್ಯೂಐ-9 (ಹೀಟ್ ಟ್ರೀಟ್‌ಮೆಂಟ್ ಶಾಪನ್ನು ಪರೀಕ್ಷಿಸುವ ವಾಹನ ಉದ್ಯಮದ ಪದ್ಧತಿ) ಪ್ರಕಾರ ಇವನ್ನೆಲ್ಲ ದಾಖಲೆ ಇಡಲೇಬೇಕು. 2006ರಲ್ಲಿ ಮೊದಲ ಆವೃತ್ತಿ ಬಂದ ಈ ಪದ್ಧತಿಯ ನಾಲ್ಕನೇ ಆವೃತ್ತಿ 2020ರಲ್ಲಿ ಬಂತು, ಶಾಪ್ ವರ್ಷಕ್ಕೊಮ್ಮೆ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಬೇಕು ಅನ್ನುತ್ತದೆ. ವಿಮಾನದ ಪಾರ್ಟುಗಳ ಕೆಲಸದಲ್ಲಿ ಕುಲುಮೆಗೆ ಎಎಂಎಸ್ 2750 ಅನ್ನುವ ಟೆಂಪರೇಚರ್ ಅಳತೆಯ ಸ್ಟ್ಯಾಂಡರ್ಡ್ ಅನ್ವಯವಾಗುತ್ತದೆ. ಅಲ್ಲಿ 5ನೇ ಕ್ಲಾಸ್ ಕುಲುಮೆಯೊಳಗೆ ಎಲ್ಲಿ ಅಳೆದರೂ 14 ಡಿಗ್ರಿಯಷ್ಟೇ ಹೆಚ್ಚು ಕಡಿಮೆ ಇರಬಹುದು, 2ನೇ ಕ್ಲಾಸಿನಲ್ಲಿ 6 ಡಿಗ್ರಿ. ನಿಮ್ಮ ಕೆಲಸಕ್ಕೆ ಇವು ಬೇಕಾಗಿಲ್ಲದಿರಬಹುದು. ಆದರೆ "ನಿಮ್ಮ ಕುಲುಮೆಯ ಯೂನಿಫಾರ್ಮಿಟಿ ಸರ್ವೆ ಯಾವಾಗ ಆಗಿದೆ" ಅಂತ ಒಂದು ಪ್ರಶ್ನೆ ಕೇಳಿ ನೋಡಿ, ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಪಾರ್ಟಿಯ ಕಡೆಯ ಗುಟ್ಟಿಗೂ ದಾರಿ ಇದೆ. ಡ್ರಾಯಿಂಗ್‌ನಲ್ಲಿ ನಿಮ್ಮ ಕಸ್ಟಮರ್ ಹೆಸರು, ಟೈಟಲ್ ಬ್ಲಾಕ್ ಮುಚ್ಚಿ ಕಾಪಿ ಮಾಡಿ. ಅಳತೆ, ದಪ್ಪ, ತೂತು, ಮೂಲೆಗಳ ರೇಡಿಯಸ್ ಕಂಡರೆ ಸಾಕು.

7. ಹೊಸ ಪಾರ್ಟಿನ ಮೊದಲ ಲಾಟ್

500 ಪೀಸ್ ಒಟ್ಟಿಗೆ ಹಾಕಬೇಡಿ. ನಾಲ್ಕೈದು ಪೀಸಿಗೆ ನಂಬರ್ ಪಂಚ್ ಮಾಡಿ, ಬೋರ್, ಉದ್ದ, ರನ್‌ಔಟ್ ಅಳೆದು ಬರೆದಿಡಿ. ವಾಪಸ್ ಬಂದ ಮೇಲೆ ಅದೇ ಪೀಸ್, ಅದೇ ಜಾಗ, ಅದೇ ಗೇಜ್. ಬೋರ್ 0.05 ಕಿರಿದಾಗಿದೆ, ಎಲ್ಲ ಪೀಸಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಅಂತಾದರೆ ಅದು ತೊಂದರೆ ಅಲ್ಲ, ಮುಂದಿನ ಲಾಟಿನಲ್ಲಿ ಬೋರನ್ನು ಅಷ್ಟು ದೊಡ್ಡದಾಗಿ ಮಾಡಿ ಕಳಿಸುತ್ತೀರಿ. ಒಂದೊಂದು ಪೀಸ್ ಒಂದೊಂದು ರೀತಿ ಓಡಿದ್ದರೆ ಮಾತ್ರ ಲೋಡಿಂಗ್ ನೋಡಬೇಕು, ಸ್ಟೀಲ್ ನೋಡಬೇಕು. ಈ ಅಳತೆಯ ಹಾಳೆಯನ್ನು ಶಾಪಿಗೂ ಕಳಿಸಿ. ನಾನು ನೋಡಿದಂತೆ ಇದೊಂದೇ ಹಾಳೆ ಉಳಿದೆಲ್ಲ ಮೀಟಿಂಗ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ, ಯಾಕಂದರೆ ಕುಲುಮೆಯವರಿಗೆ ತಮ್ಮ ಮಾಲು ಹೊರಗೆ ಹೋದಮೇಲೆ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ, ಬಯ್ಗುಳ ಬಂದಾಗ ಬಿಟ್ಟು.

ಕೇಸ್ ಹಾರ್ಡನಿಂಗ್ ಆದರೆ ಒಂದು ಪೀಸನ್ನು ಕತ್ತರಿಸಲು ಮನಸ್ಸು ಮಾಡಿ. ಅಷ್ಟು ದುಬಾರಿ ಪಾರ್ಟ್ ಆದರೆ ಅದೇ ಹೀಟಿನ ಬಾರಿನಿಂದ ಮಾಡಿದ ಟೆಸ್ಟ್ ಪೀಸ್ ಜೊತೆಗೆ ಕೊಡಿ. ಮನೆಯಲ್ಲಿ ಸಿಕ್ಕಿದ ಯಾವುದೋ ತುಂಡು ಅಲ್ಲ.

8. ತೊಂದರೆ ಬಂದಾಗ

ಮೊದಲು ಎರಡೂ ಕಡೆಯ ಹಾರ್ಡ್‌ನೆಸ್ ಮಷೀನ್ ಮೇಲೆ ಒಂದೇ ಟೆಸ್ಟ್ ಬ್ಲಾಕ್ ಇಟ್ಟು ನೋಡಿ. ಅರ್ಧ ಜಗಳ ಇಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಹೋಗಿ, ಯಾವ ಲ್ಯಾಬ್ ಅಂತ ಮೊದಲೇ ಇಬ್ಬರೂ ಒಪ್ಪಿಕೊಂಡಿರಿ.

ಕ್ರ್ಯಾಕ್ ಬಂದರೆ ಪೀಸನ್ನು ತೊಳೆಯಬೇಡಿ, ಗ್ರೈಂಡ್ ಮಾಡಿ ನೋಡಬೇಡಿ, ಹಾಗೇ ಕೊಡಿ. ಅಡ್ಡ ಕತ್ತರಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಬಿರುಕಿನ ಗೋಡೆಯಲ್ಲಿ ಇಂಗಾಲ ಕಡಿಮೆಯಾಗಿದ್ದರೆ ಅದು ಹಾರ್ಡನಿಂಗ್‌ಗೆ ಮುಂಚೆಯೇ ಇದ್ದ ಬಿರುಕು, ರೋಲಿಂಗ್ ಅಥವಾ ಫೋರ್ಜಿಂಗ್‌ನಲ್ಲಿ ಬಂದದ್ದು. ಇಂಗಾಲ ಹಾಗೇ ಇದ್ದು, ಚೂಪು ಮೂಲೆಯಿಂದ ಒಳಗೆ ನೇರ ಇಳಿದಿದ್ದರೆ ಕ್ವೆಂಚಿಂಗ್‌ನ ಕ್ರ್ಯಾಕ್ ಅನ್ನಬಹುದು. ಆಗಲೂ ಆ ಮೂಲೆಗೆ ರೇಡಿಯಸ್ ಕೊಡದೆ ಬಿಟ್ಟದ್ದು ಯಾರು ಅಂತ ಕೇಳಬೇಕಾಗುತ್ತದೆ. ಮೇಲ್ಮೈಯಲ್ಲಿ ಆಳವಿಲ್ಲದ, ವ್ಹೀಲ್ ಓಡಿದ ದಿಕ್ಕಿಗೆ ಅಡ್ಡವಾಗಿ ಸಾಲುಗಟ್ಟಿದ ಗೆರೆಗಳಾದರೆ ಗ್ರೈಂಡಿಂಗ್ ಕಡೆ ತಿರುಗಿ. ನೈಟಲ್ (ನೈಟ್ರಿಕ್ ಆಸಿಡ್ ಬೆರೆಸಿದ ಸ್ಪಿರಿಟ್) ಹಚ್ಚಿದರೆ ಸುಟ್ಟ ಜಾಗ ಬೇರೆ ಬಣ್ಣದಲ್ಲಿ ಕಾಣುತ್ತದೆ.

ಹಾರ್ಡ್‌ನೆಸ್ ಕಡಿಮೆ ಬಂದಾಗ ಶಾಪಿನವರು ಗುಟ್ಟಾಗಿ ಇನ್ನೊಂದು ಸಲ ಹಾರ್ಡನಿಂಗ್ ಮಾಡಿ ಕಳಿಸುವುದುಂಟು. ದಯವಿಟ್ಟು ಬೇಡ. ಕಾರ್ಬುರೈಸಿಂಗ್ ಇನ್ನೊಮ್ಮೆ ಮಾಡಿದರೆ ಕೇಸ್ ಆಳವಾಗುತ್ತದೆ, ಬಾಗು ಜಾಸ್ತಿಯಾಗುತ್ತದೆ, ಟೂಲ್ ಸ್ಟೀಲನ್ನು ಅನೀಲ್ ಮಾಡದೆ ಮತ್ತೆ ಹಾರ್ಡನಿಂಗ್ ಮಾಡಿದರೆ ಸೀಳುವ ಭಯ. ಮಾಡಲೇಬೇಕಾದರೆ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ, ರಿಪೋರ್ಟಿನಲ್ಲಿ ರೀವರ್ಕ್ ಅಂತ ಬರೆಯಿರಿ. ಪಾರ್ಟಿಯವರೂ ಅದನ್ನು ಓದಿದ ಕೂಡಲೇ ಡೆಬಿಟ್ ನೋಟ್ ಕಳಿಸಬೇಡಿ. ನಿಜ ಬರೆದವನಿಗೆ ಡೆಬಿಟ್ ನೋಟ್ ಹೋದರೆ ಮುಂದಿನ ಸಲ ಆತ ಬರೆಯುವುದಿಲ್ಲ.

9. ಏನಾದರೂ ಬದಲಾದರೆ

ಒಂದು ವರ್ಷ ಚೆನ್ನಾಗಿ ಓಡಿದ ಪಾರ್ಟ್ ಇದ್ದಕ್ಕಿದ್ದ ಹಾಗೆ ಕೈಕೊಟ್ಟರೆ ಯಾವುದೋ ಒಂದು ಕಡೆ ಏನೋ ಬದಲಾಗಿರುತ್ತದೆ. ನೀವು ಸ್ಟೀಲ್ ಅಂಗಡಿ ಬದಲಿಸಿದಿರಾ, ಬಾರಿನಿಂದ ಫೋರ್ಜಿಂಗ್‌ಗೆ ಹೋದಿರಾ, ಗ್ರೈಂಡಿಂಗ್ ಅಲೋವೆನ್ಸ್ ಇಳಿಸಿದಿರಾ? ಶಾಪಿನವರು ಕ್ವೆಂಚಿಂಗ್ ಆಯಿಲ್ ಬದಲಿಸಿದರಾ, ಥರ್ಮೋಕಪಲ್ ಹೊಸದು ಹಾಕಿದರಾ, ಬುಟ್ಟಿಯಲ್ಲಿ ಮುಂಚಿಗಿಂತ ಹೆಚ್ಚು ಪೀಸ್ ತುಂಬಿದರಾ? ಇವನ್ನು ಬದಲಿಸುವ ದಿನವೇ ಒಂದು ವಾಟ್ಸಾಪ್ ಸಾಲು ಹಾಕಿದರೂ ಆಯಿತು, ಫೈಲಿನಲ್ಲಿ ಪ್ರಿಂಟ್ ಇಟ್ಟರೆ ಇನ್ನೂ ಒಳ್ಳೆಯದು. ವಾಯ್ಸ್ ಮೆಸೇಜ್ ಬೇಡ, ಅದನ್ನು ಆಮೇಲೆ ಹುಡುಕಲು ಆಗುವುದಿಲ್ಲ.

ಕರೆಂಟ್ ಹೋದದ್ದನ್ನೂ ಬರೆಯಿರಿ. ಕಾರ್ಬುರೈಸಿಂಗ್ ನಡುವೆ ಲೈನ್ ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಕುಲುಮೆ ಎಷ್ಟು ಇಳಿಯಿತು, ಎಷ್ಟು ಹೊತ್ತು ಇಳಿದಿತ್ತು ಅಂತ ಚಾರ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಆ ಬ್ಯಾಚಿನ ಟೆಸ್ಟ್ ಪೀಸ್ ಒಂದನ್ನು ಹೆಚ್ಚಾಗಿ ಕತ್ತರಿಸಿ ನೋಡಿ, ಆ ರಿಪೋರ್ಟನ್ನು ಮಾಲಿನ ಜೊತೆಗೇ ಕಳಿಸಿ.